ಗಾಜಿನ ಹಿಂದಿನ ತಂಬೂರಿ: ಸೆನ್‌ಹೈಸರ್ ಎಚ್‌ಡಿ 820

ಮುಂಬಯಿಯ ಮಾಟುಂಗಾದ ನಮ್ಮ ಮನೆಯ ಕಿಟಕಿಯಾಚೆ ಲೋಕಲ್ ರೈಲುಗಳ ಸದ್ದು ನಡುರಾತ್ರಿಯವರೆಗೂ ನಿಲ್ಲದ ಕಾರಣ, ಹಿಂಬದಿ ತೆರೆದಿರುವ ಹೆಡ್‌ಫೋನ್ ಇಲ್ಲಿ ಉಪಯೋಗಕ್ಕೆ ಬಾರದು. ಆದ್ದರಿಂದ, 2018ರಲ್ಲಿ ಬಂದ, ಹಿಂಬದಿಯನ್ನು ಒಳಬಾಗಿದ ಗೊರಿಲ್ಲಾ ಗಾಜಿನಿಂದ ಮುಚ್ಚಿರುವ ಸೆನ್‌ಹೈಸರ್ ಕಂಪನಿಯ ಎಚ್‌ಡಿ 820 ಹೆಡ್‌ಫೋನನ್ನು ಆರಿಸಿಕೊಂಡೆ. ಧ್ವನಿ ಹುಟ್ಟಿಸುವ ಭಾಗವಾದ ಡ್ರೈವರ್‌ನ ಹಿಂಭಾಗದಿಂದ ಹೊರಟ ಧ್ವನಿ ನೇರವಾಗಿ ಮರಳಿ ಕಿವಿಗೆ ಬಡಿಯದಂತೆ ಈ ಗಾಜು ಅದನ್ನು ಅಂಚಿನಲ್ಲಿರುವ, ಧ್ವನಿ ಹೀರುವ ಕೋಣೆಗಳತ್ತ ತಿರುಗಿಸುತ್ತದೆ. ತಂಬೂರಿಯ ನಾಲ್ಕು ತಂತಿಗಳು ಒಂದರೊಳಗೊಂದು ಕಲಸಿಹೋಗದೆ ಬಿಡಿಬಿಡಿಯಾಗಿ ಕೇಳುತ್ತವೆ.

ಮೊದಲ ವಾರ ಮಾತ್ರ ನಿರಾಸೆಯೇ ಆಯಿತು. ತಬಲಾ ಜೋಡಿಯ ಮಂದ್ರ ನಾದದ ಡಗ್ಗಾ ಟೊಳ್ಳಾಗಿ ಕೇಳಿಸುತ್ತಿತ್ತು. ದೋಷವಿದ್ದದ್ದು ನನ್ನ ಕನ್ನಡಕದಲ್ಲಿ. ಅದರ ದಪ್ಪ ಕಡ್ಡಿ ಕಿವಿಯ ಹಿಂದೆ ಮೆತ್ತೆಯನ್ನು ತುಸುವೇ ಎತ್ತಿ ಹಿಡಿದಿತ್ತು. ಮುಚ್ಚಿದ ಹೆಡ್‌ಫೋನಿನಲ್ಲಿ ಅಷ್ಟು ಸಂದಿದ್ದರೂ ಸಾಕು, ಮಂದ್ರವೆಲ್ಲ ಸೋರಿಹೋಗುತ್ತದೆ. ಕನ್ನಡಕ ತೆಗೆದಿಟ್ಟು, ಮೆತ್ತೆಯಡಿ ಸಿಕ್ಕಿದ್ದ ಕೂದಲನ್ನು ಸರಿಸಿದ ಕೂಡಲೇ ಅಂಗೈಯೊತ್ತಿನ ಗುಂಗು ಮರಳಿತು.

ಇದರ ಇಂಪೀಡೆನ್ಸ್, ಅಂದರೆ ವಿದ್ಯುತ್ ಹರಿವಿಗೆ ಒಡ್ಡುವ ತಡೆ, 300 ಓಮ್. ನಗರದ ಅಂಗಡಿಯೊಂದರಲ್ಲಿ ಇದನ್ನು ನೇರವಾಗಿ ಫೋನಿಗೇ ಚುಚ್ಚಿ ಕೇಳಿಸಿದ್ದರು. ಹಾಗೆ ಕೇಳಿ ತೀರ್ಮಾನಿಸುವುದು ಅನ್ಯಾಯ, ಏಕೆಂದರೆ ಇದಕ್ಕೆ ಸಾಕಷ್ಟು ವೋಲ್ಟೇಜ್ ಕೊಡಬಲ್ಲ ಆಂಪ್ಲಿಫೈಯರ್ ಬೇಕೇ ಬೇಕು. ದುಬಾರಿ ಕೇಬಲ್ಲಿಗೆ ಹಣ ಸುರಿಯುವ ಅಗತ್ಯವಿಲ್ಲ, ಪೆಟ್ಟಿಗೆಯಲ್ಲೇ ಬರುವ 4.4 ಮಿ.ಮೀ. ಬ್ಯಾಲೆನ್ಸ್ಡ್ (ಎಡ, ಬಲ ಕಿವಿಗಳಿಗೆ ಪ್ರತ್ಯೇಕ ತಂತಿಗಳಿರುವ) ಕೇಬಲ್ ಧಾರಾಳವಾಯಿತು. ಮುಂಬಯಿಯ ಮಳೆಗಾಲದ ತೇವಕ್ಕೆ ಮೆತ್ತೆ ಹಾಳಾಗದಿರಲೆಂದು ಪೆಟ್ಟಿಗೆಯೊಳಗೆ ಸಿಲಿಕಾ ಜೆಲ್ ಪೊಟ್ಟಣವೊಂದನ್ನು ಇಟ್ಟಿದ್ದೇನೆ.