ಕಾಮಿಕ್ಸ್‌ಗೆ ಪಾಲಿಪ್ರೊಪಿಲಿನ್ ಕವರು, ಹಿಂದೊಂದು ರಟ್ಟು: ಆರು ವರ್ಷ ಬಳಸಿದ ಮೇಲೆ

ದಾವಣಗೆರೆಯ ನಮ್ಮ ಹಳೇ ಮನೆಯ ಅಟ್ಟದಲ್ಲಿ ಅಪ್ಪ ಒಂದು ಟ್ರಂಕ್ ತುಂಬ ಇಂದ್ರಜಾಲ ಕಾಮಿಕ್ಸ್ ಇಟ್ಟಿದ್ದರು. 1964ರಲ್ಲಿ ಫ್ಯಾಂಟಮ್ ಕಥೆಯಿಂದ ಶುರುವಾಗಿ 1990ರಲ್ಲಿ ನಿಂತ ಮಾಲಿಕೆ. ಅದರ ಜತೆ ನಮ್ಮ ಕಾರ್ಕಳದ ಅನಂತ ಪೈ ಕಟ್ಟಿ ಬೆಳೆಸಿದ ಅಮರ ಚಿತ್ರಕಥೆ, ಆಮೇಲೆ ನಾನು ಕೂಡಿಸಿದ ಸ್ಪೈಡರ್‌ಮ್ಯಾನ್, ಬ್ಯಾಟ್‌ಮ್ಯಾನ್. ಎಲ್ಲ ಸೇರಿ ಇನ್ನೂರರ ಮೇಲಿದೆ.

ಮೊದಲು ಪೇಟೆಯ ಒಂದು ಸ್ಟೇಷನರಿ ಅಂಗಡಿಯಿಂದ ಮೆತ್ತನೆಯ ದಪ್ಪ ಪ್ಲಾಸ್ಟಿಕ್ ಕವರು ತಂದಿದ್ದೆ. ಎರಡು ಬೇಸಿಗೆ ಕಳೆಯೋದರೊಳಗೆ ಅವು ಅಂಟಂಟಾಗಿ, ಮುಖಪುಟದ ಬಣ್ಣ ಕವರಿಗೆ ಇಳಿದಿತ್ತು. ಪಿವಿಸಿ ಕವರಿನ ಹಣೆಬರಹವೇ ಅದು: ಮೆದುವಾಗಲಿ ಅಂತ ಬೆರೆಸಿದ ರಾಸಾಯನಿಕ ಸೆಕೆಗೆ ಹೊರಗೆ ಬರುತ್ತೆ. ಆಮೇಲೆ ತರಿಸಿದ ಪಾಲಿಪ್ರೊಪಿಲಿನ್ ಅನ್ನೋ ಬೇರೆ ಬಗೆಯ ಪ್ಲಾಸ್ಟಿಕ್‌ನಲ್ಲಿ ಆ ಕಾಟ ಇಲ್ಲ. ಗಾಜಿನಂತೆ ತಿಳಿ, ಮುಟ್ಟಿದರೆ ಗರಗರ ಅನ್ನುತ್ತೆ. ಆರು ವರ್ಷದಲ್ಲಿ ಒಂದು ಪುಸ್ತಕಕ್ಕೂ ಅಂಟಿಲ್ಲ.

ಕವರಿಗಿಂತ ಹೆಚ್ಚು ಉಪಕಾರ ಮಾಡಿದ್ದು ರಟ್ಟು. ಹಳೇ ಕಾಮಿಕ್ಸ್ ಕಾಗದ ಕಟ್ಟಿಗೆಯ ತಿರುಳಿನದು. ಅದರಲ್ಲಿರುವ ಲಿಗ್ನಿನ್ ಅನ್ನೋ ಕಟ್ಟಿಗೆಯ ಅಂಶದಿಂದ ಕಾಗದ ಹಳದಿಯಾಗುತ್ತೆ, ಒಳಗೇ ಆಮ್ಲ ಹುಟ್ಟಿ ಹಪ್ಪಳದಂತೆ ಮುರಿಯುತ್ತೆ. ಆಮ್ಲರಹಿತ ರಟ್ಟಿಗೆ ಕ್ಯಾಲ್ಸಿಯಂ ಕಾರ್ಬೊನೇಟ್ ಸೇರಿಸಿರುತ್ತಾರೆ, ಅದು ಆ ಆಮ್ಲವನ್ನು ಒಂದಿಷ್ಟು ತಡೆಯುತ್ತೆ. ಹೊಳಪಿನ ಬದಿ ಪುಸ್ತಕದ ಕಡೆಗೇ ಇರಬೇಕು. ದುಡ್ಡು ಉಳಿಸೋಕೆ ಸೀರೆ ಡಬ್ಬದ ರಟ್ಟು ಕತ್ತರಿಸಿ ಹಾಕಬೇಡಿ. ನಾನು ಹಾಕಿದ್ದ ನಾಲ್ಕು ಪುಸ್ತಕದ ಹಿಂಬದಿಯಲ್ಲಿ ಕಂದು ಕಲೆ ಕೂತಿದೆ.

ಇನ್ನು ಬೇಸರದ ಮಾತು. ನಾನು ತರಿಸಿದ ಕವರಿನಲ್ಲಿ ಅಂಟುಪಟ್ಟಿ ಇರೋದು ಮಡಚುವ ಬಾಯಿಯ ಮೇಲೆ. ಒಂದು ಭಾನುವಾರ ಅಕ್ಕನ ಮಗಳು ಮ್ಯಾಂಡ್ರೇಕ್ ಸಂಚಿಕೆ ಹೊರಗೆಳೆದಳು. ಪಟ್ಟಿ ಮುಖಪುಟದ ಮೇಲಂಚಿಗೆ ತಗಲಿ, ಬೆರಳಗಲದ ಕೆಂಪು ಬಣ್ಣ ಸಿಪ್ಪೆ ಸುಲಿದಂಗೆ ಎದ್ದು ಬಂತು. "ಮಾಮ, ನಾ ಮೆಲ್ಲಕೇ ಎಳ್ದೆ" ಅಂತ ಅಳು. ಮಗು ಮೆಲ್ಲಗೇ ಎಳೆದಿತ್ತು, ನಾನು ನೋಡಿದ್ದೆ. ತಪ್ಪು ಕವರಿನದು. ಪಟ್ಟಿ ಕವರಿನ ಬೆನ್ನ ಮೇಲೇ ಇರುವಂಥದ್ದೂ ಸಿಗುತ್ತೆ, ಎರಡು ರೂಪಾಯಿ ಹೆಚ್ಚಾದರೂ ಅದನ್ನೇ ಕೊಳ್ಳಿ. ಈಗ ಮನೆಯಲ್ಲಿರುವ ಹಳೇ ಕವರುಗಳಿಗೆಲ್ಲ ಅಂಟುಪಟ್ಟಿಯ ಮೇಲಿನ ಕಾಗದ ಕೀಳದೆ, ಬಾಯಿ ಸುಮ್ಮನೆ ಒಳಗೆ ಮಡಚಿ ಇಟ್ಟಿದ್ದೇನೆ.

ಅಳತೆಯಲ್ಲೂ ಎಚ್ಚರ. 6⅞ ಇಂಚು ಅಗಲದ್ದು ಈಗಿನ ಅಮೆರಿಕನ್ ಸಂಚಿಕೆಗೆ, 7⅛ ಇಂಚಿನದು ಹಳೆಯವಕ್ಕೆ. ನಮ್ಮ ದೇಶದ ಪುಸ್ತಕಗಳನ್ನು ಸ್ಕೇಲ್ ಹಿಡಿದು ಅಳೆದೇ ತರಿಸಿ.

ಕವರು ಹಾಕಿದ ಮಾತ್ರಕ್ಕೆ ಅಟ್ಟದ ಸೆಕೆ ತಪ್ಪೋದಿಲ್ಲ. ಏಪ್ರಿಲ್, ಮೇನಲ್ಲಿ ನಮ್ಮೂರ ತಗಡಿನ ಸೂರಿನ ಕೆಳಗೆ ಕೈ ಇಡೋಕಾಗಲ್ಲ, ಕಾಗದದ ಗತಿ ಏನು? ಕೆಳಗಿನ ಕೋಣೆಯ ಬೀರುವಿನಲ್ಲಿ ನೆಟ್ಟಗೆ ನಿಲ್ಲಿಸಿದ ಮೇಲೆ ಪುಸ್ತಕ ಬಾಗೋದು ನಿಂತಿದೆ. ಮಳೆಗಾಲಕ್ಕೆ ಸಿಲಿಕಾ ಜೆಲ್ ಪೊಟ್ಟಣ ಇಡುತ್ತೇನೆ, ಪಿನ್ನುಗಳಿಗೆ ತುಕ್ಕು ಹತ್ತಬಾರದಲ್ಲ.

ಮೈಲಾರ್ ಅನ್ನೋ ಪಾಲಿಯೆಸ್ಟರ್ ಹಾಳೆಯ ಕವರು ಇನ್ನೂ ಗಟ್ಟಿ, ಆದರೆ ಬೆಲೆ ಹಲವು ಪಟ್ಟು. ಅಪ್ಪ ಹೆಸರು ಬರೆದಿಟ್ಟಿರುವ ಹನ್ನೆರಡು ಸಂಚಿಕೆಗೆ ಮಾತ್ರ ಅದನ್ನು ಹಾಕಿದ್ದೇನೆ. ಉಳಿದವನ್ನು ಮಕ್ಕಳು ಬಂದಾಗ ಹೊರಗೆ ತೆಗೆದೇ ಓದುತ್ತಾರೆ. ಮಂಡಕ್ಕಿ, ಮೆಣಸಿನಕಾಯಿ ತಿಂದ ಕೈ ತೊಳೆದು ಒರೆಸಿಕೊಂಡರಾಯಿತು. ಆರು ವರ್ಷಕ್ಕೆ ಕೆಲವು ಕವರು ಮಾಸಿ ಸುಕ್ಕಾಗಿವೆ, ಹೋದ ವಾರ ಮತ್ತೆ ನೂರು ತರಿಸಿದೆ. ಈ ಸಲದವು ಬೆನ್ನ ಮೇಲೆ ಪಟ್ಟಿ ಇರುವವು.