ಚಾಕಣದಾಗ ಆರ್ಕ್ ಫ್ಲ್ಯಾಶ್ ಸೂಟ್ ಹಾಕ್ಕೊಂಡು ಒಂದು ವರ್ಷ ಆತು, ನೋಡಿದ್ದು ಬರದೀನಿ

ನಾನು ಬಾಗಲಕೋಟಿ ಕಡೆಯಂವ, ಪುಣೆಕ್ಕ ಬಂದು ಹದಿನಾಲ್ಕು ವರ್ಷ ಆತು, ಈಗ ಚಾಕಣ ಎಂಐಡಿಸಿ ಇಂಡಸ್ಟ್ರಿಯಲ್ ಏರಿಯಾದಾಗ ಒಂದು ಪ್ಲಾಂಟಿನ ಎಲೆಕ್ಟ್ರಿಕಲ್ ಮೇಂಟೆನೆನ್ಸ್ ನೋಡ್ಕೋತೀನಿ. 22 ಕೆವಿ ಇನ್‌ಕಮರ್ (ಹೊರಗಿಂದ ಕರೆಂಟ್ ಬರೂ 22,000 ವೋಲ್ಟಿನ ಲೈನು), ಕೆಳಗ 415 ವೋಲ್ಟಿನ ಪ್ಯಾನೆಲ್ಲು. ಆರ್ಕ್ ಫ್ಲ್ಯಾಶ್ ಅಂದ್ರ ಪ್ಯಾನೆಲ್ಲಿನಾಗ ಶಾರ್ಟ್ ಆದಾಗ ಗಾಳ್ಯಾಗ ಸಿಡಿಯೂ ಬೆಳಕು ಮತ್ತ ಉರಿ. ಹೋದ ವರ್ಷ ಕಂಪನಿಗೆ ಹಿಂದ ಬಿದ್ದು ಅದನ್ನ ತಡಿಯೂ ಎರಡು ಥರ ಬಟ್ಟಿ ತರಿಸಿದ್ವಿ, ಬ್ರೇಕರ್ ರ‍್ಯಾಕ್ ಔಟ್ ಮಾಡಾಕ (ಪ್ಯಾನೆಲ್ಲಿಂದ ಹೊರಗ ಎಳಿಯಾಕ) 40 ಕ್ಯಾಲರಿದ (ಬಟ್ಟಿ ಎಷ್ಟು ಉರಿ ತಡೀತೈತಿ ಅನ್ನೂ ಲೆಕ್ಕ) ಫುಲ್ ಸೂಟು ಹುಡ್ ಸಮೇತ, ದಿನಾ ಹಾಕ್ಕೊಳ್ಳಾಕ 12 ಕ್ಯಾಲರಿ ಕವರಾಲ್.

ಯಾಕ ಹಿಂದ ಬಿದ್ದೆ ಅಂದ್ರ, ಮೊದಲು ಕೆಲಸ ಮಾಡೂ ಕಡೆ ನನ್ನ ಕಣ್ಣ ಮುಂದನ ಒಬ್ಬ ಹುಡುಗನ ಕೈಯಾಗಿನ ಸ್ಪ್ಯಾನರ್ ಜಾರಿ ಕರೆಂಟ್ ಹರಿಯೂ ಲೋಹದ ಪಟ್ಟಿ, ಅಂದ್ರ ಬಸ್‌ಬಾರ್ ಮ್ಯಾಲ ಬಿತ್ತು. ಬರೇ 415 ವೋಲ್ಟು. ಅಂವಗ ಶಾಕ್ ಹೊಡೀಲಿಲ್ಲ, ಬೆಳಕು ಹೊಡೀತು. ಮೈಮ್ಯಾಲ ಪಾಲಿಸ್ಟರ್ ಶರ್ಟ್ ಇತ್ತು, ಅದು ಕರಗಿ ತೋಳಿಗೆ ಹತ್ಕೊಂಡಬಿಡ್ತು, ಡಾಕ್ಟರು ಬಟ್ಟಿ ಬಿಡಸಾಕ ಹೋದ್ರ ಚರ್ಮಾನೂ ಸಂಗಟ ಬರಾಕ್ಹತ್ತಿತ್ತು. ಅವತ್ತಿಂದ ವೋಲ್ಟೇಜ್ ಕಡಿಮಿ ಐತಿ ಬಿಡು ಅಂತ ಯಾರರ ಅಂದ್ರ ನನಗ ತಡಕೊಳ್ಳಾಕ ಆಗೂದಿಲ್ಲ. ಎಲ್‌ಟಿ (ಕಡಿಮಿ ವೋಲ್ಟಿನ) ಪ್ಯಾನೆಲ್ಲಿನಾಗ ಫಾಲ್ಟ್ ಕರೆಂಟ್ (ಶಾರ್ಟ್ ಆದಾಗ ಹರಿಯೂ ಕರೆಂಟ್) ಭಾಳ ಇರ್ತೈತಿ, ಬ್ರೇಕರ್ ಟ್ರಿಪ್ ಆಗೂದು ಚೂರು ತಡ ಆದ್ರ ಅಷ್ಟೂ ಉರಿ ಮುಂದ ನಿಂತಂವನ ಮ್ಯಾಲನ ಬರ್ತೈತಿ.

ತಗೊಳ್ಳೂಮುಂದ ಅಂಗಡಿಯಂವ ಮೊದಲು ತೋರಿಸಿದ್ದು ಫೈರ್‌ಪ್ರೂಫ್ ಅಂತ ಬರೆದ ಒಂದು ಅಗ್ಗದ ಕವರಾಲ್. ಕಾಲರ್ ಒಳಗ ಲೇಬಲ್ ತಿರುವಿ ನೋಡಿದ್ರ ಕ್ಯಾಲರಿ ನಂಬರೇ ಇಲ್ಲ! ಬೆಂಕಿ ಹತ್ತದ ಬಟ್ಟಿ ಎಲ್ಲಾ ಆರ್ಕ್ ತಡಿಯೂ ಬಟ್ಟಿ ಅಲ್ರಿ. ಲೇಬಲ್ ಮ್ಯಾಲ ಎಟಿಪಿವಿ (ಒಳಗ ಮೈ ಸುಡೂತನಕ ಬಟ್ಟಿ ತಡಿಯೂ ಉರಿ) ಇಲ್ಲಾ ಇಬಿಟಿ (ಬಟ್ಟಿ ತೂತು ಬೀಳೂತನಕ ತಡಿಯೂ ಉರಿ) ಅಂತ ಬರದು ಒಂದು ಚದರ ಸೆಂಟಿಮೀಟರ್‌ಗೆ ಎಷ್ಟು ಕ್ಯಾಲರಿ ಅಂತ ಇರಬೇಕು, ಸ್ಟ್ಯಾಂಡರ್ಡ್ ನಂಬರ್ ಇರಬೇಕು, ಐಇಸಿ 61482-2 ಇಲ್ಲಾ ಎಎಸ್‌ಟಿಎಂ ಎಫ್1506. ಬರೀ ಮೈಗೆ 1.2 ಕ್ಯಾಲರಿ ಬಿದ್ರನ ಬೊಬ್ಬಿ ಏಳೂ ಅಂಥ ಸುಟ್ಟ ಗಾಯ ಆಗ್ತೈತಿ. ಅಮೆರಿಕದ ಎನ್‌ಎಫ್‌ಪಿಎ 70ಇ ಅನ್ನೂ ಸುರಕ್ಷತಾ ಸ್ಟ್ಯಾಂಡರ್ಡ್ ಒಳಗ ನಾಕು ಕೆಟಗರಿ ಮಾಡ್ಯಾರ, ಕಡಿಮಿ ಅಂದ್ರ 4, 8, 25, 40 ಕ್ಯಾಲರಿ. ನಿಮ್ಮ ಪ್ಯಾನೆಲ್ಲಿಗೆ ಎಷ್ಟು ಬೇಕು ಅನ್ನೂದು ಸ್ಟಡಿ (ಅಲ್ಲಿ ಎಷ್ಟು ಉರಿ ಬರಬಹುದು ಅನ್ನೂ ಲೆಕ್ಕ) ಮಾಡಿಸಿದ್ರನ ಗೊತ್ತಾಗೂದು, ಅದನ್ನ ಬಿಟ್ಟು ಸೂಟ್ ಕೊಂಡ್ರ ಕತ್ತಲದಾಗ ಕಲ್ಲ ಒಗದಂಗ.

ಈಗ ಬಳಕಿ ವಿಷಯ. 12 ಕ್ಯಾಲರಿದ್ದು ನನಗ ಭಾಳ ಸೇರೇತಿ, ಬೆಂಕಿ ಹತ್ತದ ನೂಲು ಮೋಡ್‌ಆಕ್ರಿಲಿಕ್ ಮತ್ತ ಕಾಟನ್ ಕೂಡಿಸಿದ ಬಟ್ಟಿ, ಏಪ್ರಿಲ್ ಬಿಸಿಲಾಗೂ ಎಂಟು ತಾಸು ಮೈಮ್ಯಾಲ ಇರ್ತೈತಿ, ಹುಡುಗ್ರು ಗೊಣಗದ ಹಾಕ್ಕೋತಾರ. ನನ್ನ ಲೆಕ್ಕದಾಗ ಅದ ದೊಡ್ಡ ಗುಣ, ಕಪಾಟಿನಾಗ ತೂಗಹಾಕಿದ ಸೂಟು ಯಾರನ್ನೂ ಉಳಸೂದಿಲ್ಲ. 40 ಕ್ಯಾಲರಿದ್ದು ಖರೇನ ಭಾರ, ಹತ್ತು ನಿಮಿಷಕ್ಕ ಒಳಗ ನೀರು ಇಳೀತಾವು, ಹುಡ್ಡಿನ ಗ್ಲಾಸಿಗೆ ಉಸಿರಿನ ಮಂಜು ಕೂಡ್ತೈತಿ. ಗ್ಲಾಸು ಹಸಿರು ಬಣ್ಣದ್ದು, ಮಂದ ಬೆಳಕಿನಾಗ ಕೆಂಪು, ಹಳದಿ, ನೀಲಿ ಫೇಸ್ ವೈರ್ ಗುರ್ತ ಹತ್ತೂದಿಲ್ಲ, ಇದು ನನಗ ಸಣ್ಣ ದೋಷ ಅನ್ಸಿಲ್ಲ. ಫ್ಯಾನು ಮತ್ತ ಲೈಟು ಇರೂ ಹುಡ್ ತಗೋರಿ, ರೊಕ್ಕ ಹೆಚ್ಚಾದ್ರೂ. ಗುರುವಾರ ಶಟ್‌ಡೌನ್ ಇದ್ದಾಗ ಲೈನ್ ಸತ್ತೈತೋ ಇಲ್ಲೋ ಚೆಕ್ ಮಾಡೂತನಕಾನೂ ನಾವು ಇದನ್ನ ತೆಗಿಯಂಗಿಲ್ಲ. ಇದು ಉರಿಗಷ್ಟ, ಶಾಕಿಗಲ್ಲ, ರಬ್ಬರ್ ಗ್ಲೌಸು ಅದರ ಮ್ಯಾಲ ಲೆದರ್ ಗ್ಲೌಸು ಬ್ಯಾರೇನ ಬೇಕು.

ಅಳತಿ ಬಿಗಿ ತಗೋಬ್ಯಾಡ್ರಿ. ಮೈಗೂ ಬಟ್ಟಿಗೂ ನಡುವಿನ ಗಾಳಿನೂ ಕಾಪಾಡ್ತೈತಿ. ಒಳಗ ಕಾಟನ್ ಬನಿಯನ್ನ ಹಾಕ್ಕೋರಿ, ಜಿಮ್ಮಿನ ನೈಲಾನ್ ಟೀ ಶರ್ಟ್ ಹಾಕ್ಕೊಂಡ್ರ ಹೊರಗಿನ ಸೂಟು ಉಳದ್ರೂ ಒಳಗಿನದು ಕರಗಬಹುದು.

ತೊಳಿಯೂದ್ರಾಗ ಒಂದು ತಪ್ಪು ಆತು. ಒಬ್ಬ ಹುಡುಗನ ಮನ್ಯಾಗ ವಾಸನಿ ಬರ್ಲಿ ಅಂತ ಸಾಫ್ಟ್‌ನರ್ ಹಾಕಿ ತೊಳದಿದ್ರು, ಅದರ ಪದರು ಬಟ್ಟಿ ಮ್ಯಾಲ ಕೂತ್ರ ಅದ ಉರಿಯಾಕ ದಾರಿ. ಬ್ಲೀಚೂ ಬ್ಯಾಡ. ಗ್ರೀಸ್ ಕಲಿ ಹೋಗದಿದ್ರ ಆ ಕವರಾಲ್ ಬಿಟ್ಟಬಿಡ್ರಿ. ಸಪ್ಲೈಯರು ಕಂಪನಿ ಲೋಗೋ ಸಾದಾ ಪಾಲಿಸ್ಟರ್ ದಾರದಾಗ ಹೊಲಿದು ಕಳಿಸಿದ್ದ, ಎದಿ ಮ್ಯಾಲ! ಎಲ್ಲಾ ವಾಪಸ್ ಕಳಸೀನಿ, ಸರಿ ಮಾಡಿ ಕೊಟ್ಟ, ಆದ್ರ ತಿಂಗಳು ತಗೊಂಡ.

ಕಾಂಟ್ರ್ಯಾಕ್ಟ್ ಹೆಲ್ಪರ್‌ಗಳಿಗೆ ಇನ್ನೂ ಒಂದೂ ಸಿಕ್ಕಿಲ್ಲ, ಅವರು ನಮ್ಮ ಪಕ್ಕದಾಗನ ನಿಂದ್ರತಾರ. ಮುಂದಿನ ಆರ್ಡರಿನಾಗ ನಾಕು ಕವರಾಲ್ ಅವರ ಸಲುವಾಗಿ ಬರಿಸೀನಿ, ಅಳತಿ ನಾನ ಟೇಪ್ ಹಿಡದು ತಗೊಂಡೀನಿ.