ಪದ್ಮಿನಿಗೆ ಹಾಕಿದ ಹೆಡ್‌ಲೈಟ್ ರಿಲೇ ಕಿಟ್: ನಾಲ್ಕು ವರ್ಷ ಬಳಸಿದ ಮೇಲೆ

ನಮ್ಮದು 1986ರ ಪ್ರೀಮಿಯರ್ ಪದ್ಮಿನಿ. ಅಪ್ಪ ತಗೊಂಡ ಕಾರು, ಈಗ ನಾನು ಓಡಿಸುತ್ತೇನೆ. ನಾಲ್ಕು ವರ್ಷದ ಹಿಂದೆ ಇದಕ್ಕೆ ಹೆಡ್‌ಲೈಟ್ ರಿಲೇ ಕಿಟ್ ಹಾಕಿದೆ. ರಿಲೇ ಅಂದರೆ ಸಣ್ಣ ಕರೆಂಟಿನ ಸನ್ನೆಯಿಂದ ದೊಡ್ಡ ಕರೆಂಟನ್ನು ಹಾಕಿ ಆರಿಸುವ ಸ್ವಿಚ್. ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ 850 ರೂಪಾಯಿಗೆ ಸಿಕ್ಕಿತು, ಮೇಲೆ ಯಾವ ಕಂಪನಿಯ ಹೆಸರೂ ಇಲ್ಲ. ಅಲ್ಲಿಂದ ಈಚೆಗೆ ಸುಮಾರು 14,000 ಕಿ.ಮೀ. ಓಡಿದೆ, ನಾಲ್ಕು ಮಳೆಗಾಲ ಕಳೆದಿದೆ.

ಕಿಟ್ ಹಾಕೋಕೆ ಕಾರಣ ಒಂದು ರಾತ್ರಿ. ಹಾಸನದಿಂದ ವಾಪಸ್ ಬರುತ್ತಿದ್ದೆವು, ಹಿಂದಿನ ಸೀಟಿನಲ್ಲಿ ಅಮ್ಮ. ಹಿರಿಸಾವೆ ದಾಟಿದ ಮೇಲೆ ಮಳೆ ಶುರುವಾಯಿತು. ವೈಪರ್ ಹಾಕಿದ ಕೂಡಲೇ ಲೈಟು ಇನ್ನಷ್ಟು ಹಳದಿಯಾಯಿತು. ಕಬ್ಬು ತುಂಬಿದ ಟ್ರ್ಯಾಕ್ಟರ್ ಒಂದು ರಸ್ತೆ ಬದಿಯಲ್ಲಿ ನಿಂತಿತ್ತು. ಅದು ಕಣ್ಣಿಗೆ ಬಿದ್ದಾಗ ನಾವು ಅದರ ಮೈಮೇಲೇ ಇದ್ದೆವು. ಅಮ್ಮ ಬೆಂಗಳೂರು ಬರೋವರೆಗೂ ಮಾತಾಡಲಿಲ್ಲ.

ಮೊದಲು ನಾನೂ ಎಲ್ಲರ ಹಾಗೆ ಬಲ್ಬು ಬದಲಾಯಿಸಿದೆ. ಎರಡು ಸಲ. ಎರಡನೇ ಸಲ 100/90 ವ್ಯಾಟ್‌ನದು (ಬ್ರೈಟ್‌ಗೆ 100, ಡಿಮ್‌ಗೆ 90) ತಂದೆ. ಬೆಳಕೇನೂ ಅಷ್ಟು ಹೆಚ್ಚಲಿಲ್ಲ, ಹೋಲ್ಡರ್ ಪ್ಲಾಸ್ಟಿಕ್ ಮಾತ್ರ ಕರಗಿತು. ಹಳೇ ತೆಳು ವೈರಿನಲ್ಲಿ ಕರೆಂಟ್ ಜಾಸ್ತಿ ಹರಿದಷ್ಟೂ ದಾರಿಯಲ್ಲೇ ವೋಲ್ಟೇಜ್ ಜಾಸ್ತಿ ಕಳೆದುಹೋಗುತ್ತದೆ, ವೈರು ಬಿಸಿಯಾಗುತ್ತದೆ. ದಯವಿಟ್ಟು ಯಾರೂ ಈ ತಪ್ಪು ಮಾಡಬೇಡಿ.

ಕೊನೆಗೆ ನಮ್ಮ ಬಡಾವಣೆಯ ಹಿರಿಯ ಎಲೆಕ್ಟ್ರಿಷಿಯನ್ ಒಬ್ಬರು ಹೇಳಿದರು: "ಬಲ್ಬಿನ ತಂಟೆಗೆ ಹೋಗಬೇಡಿ ಸಾರ್. ಬಲ್ಬಿನ ಬಾಯಿಗೆ ಎಷ್ಟು ವೋಲ್ಟ್ ಬರ್ತಿದೆ ನೋಡಿ ಮೊದಲು."

ಅವತ್ತೇ ಮಲ್ಟಿಮೀಟರ್ ತಂದೆ. ಇಲ್ಲಿ ಒಂದು ಸೂಕ್ಷ್ಮ ಇದೆ. ಬಲ್ಬು ಕಳಚಿ ಅಳೆದರೆ ಮೀಟರ್ ಪೂರ್ತಿ ವೋಲ್ಟೇಜ್ ತೋರಿಸುತ್ತದೆ, ಎಲ್ಲ ಸರಿ ಇದೆ ಅನ್ನಿಸುತ್ತದೆ. ಕರೆಂಟ್ ಹರಿಯದೆ ನಷ್ಟ ಕಾಣಿಸುವುದಿಲ್ಲ. ಲೈಟ್ ಉರಿಯುತ್ತಿರುವಾಗಲೇ ಅಳೆಯಬೇಕು. ಎಂಜಿನ್ ಓಡುವಾಗ ಬ್ಯಾಟರಿಯಲ್ಲಿ 13.8 ವೋಲ್ಟ್ ಇತ್ತು. ಬಲ್ಬಿನ ಹತ್ತಿರ ಬರೀ 11.3. ಉಳಿದ 2.5 ಎಲ್ಲಿ ಹೋಯಿತು? ಮೀಟರಿನ ಒಂದು ಕಡ್ಡಿ ಬ್ಯಾಟರಿ ಪ್ಲಸ್‌ಗೆ, ಇನ್ನೊಂದು ಬಲ್ಬಿನ ಪ್ಲಸ್‌ಗೆ ಇಟ್ಟೆ: 1.6. ಬಲ್ಬಿನ ಅರ್ಥ್‌ನಿಂದ (ಕರೆಂಟ್ ಕಾರಿನ ಬಾಡಿ ಮೂಲಕ ಬ್ಯಾಟರಿಗೆ ವಾಪಸ್ ಹೋಗುವ ದಾರಿ) ಬ್ಯಾಟರಿ ಮೈನಸ್‌ಗೆ ಇಟ್ಟೆ: 0.9. ಲೆಕ್ಕ ಸರಿಹೋಯಿತು. ವೋಲ್ಟೇಜ್ ಐದರಲ್ಲಿ ಒಂದು ಪಾಲು ಇಳಿದರೆ ಬೆಳಕು ಹೆಚ್ಚುಕಡಿಮೆ ಅರ್ಧಕ್ಕೇ ಇಳಿಯುತ್ತದೆ. ನಮ್ಮ ಲಾಟೀನು ಬೆಳಕಿಗೆ ಕಾರಣ ಅದೇ.

ಕಿಟ್ ಕೆಲಸ ಮಾಡೋದು ಪ್ಲಸ್ ಕಡೆಯ ಆ 1.6 ವೋಲ್ಟ್ ನಷ್ಟದ ಮೇಲೆ. ಮೊದಲು ಬಲ್ಬಿನ ಕರೆಂಟೆಲ್ಲ ಲೈಟ್ ಸ್ವಿಚ್, ಡಿಪ್ ಸ್ವಿಚ್ (ಡಿಮ್-ಬ್ರೈಟ್ ಬದಲಾಯಿಸೋದು) ಒಳಗಿಂದ ಸುತ್ತಿ ಬರುತ್ತಿತ್ತು. ಈಗ ಬ್ಯಾಟರಿಯಿಂದ ದಪ್ಪ ವೈರು ನೇರ ರಿಲೇಗೆ, ರಿಲೇಯಿಂದ ಬಲ್ಬಿಗೆ. ಹಳೇ ಸ್ವಿಚ್ ರಿಲೇಗೆ ಬರೀ ಸನ್ನೆ ಕೊಡುತ್ತದೆ. ರಿಲೇಯ ಕಾಲುಗಳಿಗೆ ನಂಬರ್ ಇರುತ್ತದೆ: 30 ಅಂದರೆ ಬ್ಯಾಟರಿಯಿಂದ ಬರುವುದು, 87 ಬಲ್ಬಿಗೆ ಹೋಗುವುದು, 85 ಮತ್ತು 86 ಸನ್ನೆಯವು. ಡಿಮ್‌ಗೆ ಒಂದು ರಿಲೇ, ಬ್ರೈಟ್‌ಗೆ ಒಂದು. ಬ್ಯಾಟರಿ ಬಿಚ್ಚಿಟ್ಟು ಕೆಲಸ ಮಾಡಿದೆ, ಒಂದು ಭಾನುವಾರ ಪೂರ್ತಿ ಹಿಡಿಯಿತು.

ಅರ್ಥ್ ಮಾತ್ರ ಕಿಟ್‌ನಲ್ಲಿ ಕಳಪೆ. ತೆಳು ಕಪ್ಪು ವೈರು, ಚಿಕ್ಕ ಲಗ್ (ವೈರಿನ ತುದಿಯಲ್ಲಿ ಬೋಲ್ಟಿಗೆ ಸಿಕ್ಕಿಸುವ ಲೋಹದ ಬಳೆ). ಅದನ್ನು ಕತ್ತರಿಸಿ ಬಿಸಾಕಿದೆ. ಕಾರಿನ ಹಳೇ ಅರ್ಥ್ ಬೋಲ್ಟು ಬಿಚ್ಚಿದಾಗ ವಾಷರ್ ಕೆಳಗೆ ಹಸಿರು ಕಿಲುಬು ಪುಡಿಪುಡಿಯಾಗಿ ಉದುರಿತು. ಅದರಡಿ ಬಣ್ಣ, ಬಣ್ಣದಡಿ ತುಕ್ಕು. ಉಜ್ಜು ಕಾಗದದಿಂದ ತಗಡು ಬೆಳ್ಳಗೆ ಕಾಣುವವರೆಗೂ ಉಜ್ಜಿದೆ. ಹೊಸ ಲಗ್, ಹಲ್ಲಿನ ವಾಷರ್, ಮೇಲೆ ವ್ಯಾಸಲೀನ್. ಬ್ಯಾಟರಿ ಮೈನಸ್‌ನಿಂದಲೇ 2.5 ಚದರ ಮಿ.ಮೀ. ವೈರು ಎರಡೂ ಹೆಡ್‌ಲೈಟಿಗೆ ಎಳೆದೆ. ಮತ್ತೆ ಅಳೆದಾಗ ಪ್ಲಸ್ ಕಡೆ 0.3, ಅರ್ಥ್ ಕಡೆ 0.1. ಬಲ್ಬಿಗೆ 13.4 ವೋಲ್ಟ್! ಸಾಮಾನ್ಯ 60/55 ವ್ಯಾಟ್ ಎಚ್4 (ಡಿಮ್-ಬ್ರೈಟ್ ಎರಡೂ ಒಂದರಲ್ಲೇ ಇರುವ) ಬಲ್ಬೇ ಎದುರು ಮನೆ ಗೋಡೆಯನ್ನು ಬೆಳ್ಳಗೆ ಬೆಳಗಿತು. ಆ ಖುಷಿ ಹೇಳೋಕಾಗಲ್ಲ. ಬೆಳಕು ಹೆಚ್ಚಾದ್ದರಿಂದ ಡಿಮ್ ಎತ್ತರವನ್ನೂ ಅದೇ ದಿನ ಸರಿಮಾಡಿದೆ, ಎದುರಿಂದ ಬರುವವರ ಕಣ್ಣಿಗೆ ಹೊಡೆಯಬಾರದಲ್ವಾ.

ನಾಲ್ಕು ವರ್ಷದಲ್ಲಿ ತೊಂದರೆ ಒಂದೇ ಸಲ. ಎರಡನೇ ಮಳೆಗಾಲದಲ್ಲಿ ಡಿಮ್ ಹೋಯಿತು, ಬ್ರೈಟ್ ಇತ್ತು. ಸ್ವಿಚ್ ಹಾಕಿದರೆ ರಿಲೇ ಟಿಕ್ ಅನ್ನುತ್ತಿತ್ತು. ಅಂದರೆ ಸ್ವಿಚ್ ಕಡೆ ಸರಿ, ತೊಂದರೆ ರಿಲೇ ಒಳಗೋ ಅದರಿಂದ ಬಲ್ಬಿಗೆ ಹೋಗುವ ವೈರಿನಲ್ಲೋ. ಎರಡು ರಿಲೇ ಅದಲುಬದಲು ಮಾಡಿದೆ, ಡಿಮ್ ಬಂತು, ಬ್ರೈಟ್ ಹೋಯಿತು. ರಿಲೇಯದೇ ತಪ್ಪು ಅಂತ ಗೊತ್ತಾಯಿತು. ಕಾಲುಗಳು ಮೇಲ್ಮುಖವಾಗಿ ಕೂತಿದ್ದರಿಂದ ನೀರು ಇಳಿದಿತ್ತು. ಈಗ ಕಾಲು ಕೆಳಗೆ ಮಾಡಿ ಕೂರಿಸಿದ್ದೇನೆ, ಡಿಕ್ಕಿಯಲ್ಲಿ ಒಂದು ರಿಲೇ ಸ್ಪೇರ್ ಇದೆ. ಕಿಟ್‌ನಲ್ಲಿ ಎರಡೂ ಲೈಟಿಗೆ ಸೇರಿ ಒಂದೇ ಫ್ಯೂಸು ಇತ್ತು. ಅದು ಹೋದರೆ ಒಮ್ಮೆಲೇ ಕತ್ತಲು. ಎಡಕ್ಕೊಂದು ಬಲಕ್ಕೊಂದು 15 ಆಂಪಿಯರ್ ಫ್ಯೂಸು ಹಾಕಿಕೊಂಡೆ.

ಹಿಂದಿನ ದೀಪಗಳಿಗೆ ಈ ಕಿಟ್‌ನಿಂದ ಏನೂ ಉಪಯೋಗವಿಲ್ಲ. ಇಂಡಿಕೇಟರ್ ಹಾಕಿದಾಗ ಪಕ್ಕದ ಟೈಲ್ ಲ್ಯಾಂಪೂ ಮಿಣುಕಿದರೆ, ಬ್ರೇಕ್ ತುಳಿದಾಗ ಅದು ಮಂಕಾದರೆ, ಆ ದೀಪದ ಅರ್ಥ್ ನೋಡಿ. ನನ್ನದು ಅದೇ ಆಗಿತ್ತು, ಹತ್ತು ನಿಮಿಷದ ಉಜ್ಜಾಟದಲ್ಲಿ ಸರಿಹೋಯಿತು.

ಐದಕ್ಕೆ ನಾಲ್ಕು ಅಂಕ ಕೊಡುತ್ತೇನೆ, ಒಂದು ಅಂಕ ಆ ಅರ್ಥ್ ವೈರಿಗೆ ಹೋಯಿತು. ನನಗೆ ದೊಡ್ಡ ಲಾಭ ಬೆಳಕಿಗಿಂತ ಹೆಚ್ಚಾಗಿ ಸ್ವಿಚ್‌ನದು. ಪದ್ಮಿನಿಯ ಹಳೇ ಲೈಟ್ ಸ್ವಿಚ್ ಈಗ ಹುಡುಕಿದರೂ ಸುಲಭಕ್ಕೆ ಸಿಗಲ್ಲ. ಮೊದಲು ಹೆಡ್‌ಲೈಟಿಗಾಗಿ ಅದರ ಮೂಲಕ ಎಂಟು-ಒಂಬತ್ತು ಆಂಪಿಯರ್ ಹೋಗುತ್ತಿತ್ತು, ಈಗ ಅದಕ್ಕೆ ಅರ್ಧ ಆಂಪಿಯರ್ ಕೂಡ ಹೋಗಲ್ಲ. ಕಳೆದ ತಿಂಗಳು ಬಿಚ್ಚಿ ನೋಡಿದೆ. ನಾಲ್ಕು ವರ್ಷದ ಹಿಂದೆ ಕಪ್ಪು ಕೆರೆದು ಉಜ್ಜಿಟ್ಟ ಹಿತ್ತಾಳೆ ಮೊನೆಗಳು ಹಾಗೇ ಹೊಳೆಯುತ್ತಿದ್ದವು. ಸುಮ್ನೆ ಒರೆಸಿ ಮುಚ್ಚಿದೆ.